ಮಾವನವರ ಚೀನೀ ನಾಣ್ಯಗಳು ಹರಾಜಿಗೆ ಹೋದಾಗ

ಎರಡು ಸಾವಿರ ವರ್ಷ ಹಳೆಯ ಚೀನೀ ನಾಣ್ಯ ಹಾಂಗ್‌ಕಾಂಗ್‌ನಲ್ಲಿ ಒಂದು ಬಟ್ಟಲು ವಾಂಟನ್ ನೂಡಲ್ಸ್‌ಗಿಂತ ಅಗ್ಗಕ್ಕೆ ಸಿಗುತ್ತದೆ. ನೂರೈವತ್ತು ಚಿಲ್ಲರೆ ವರ್ಷದ ಇನ್ನೊಂದು ನಾಣ್ಯಕ್ಕೆ ನಮ್ಮೂರಲ್ಲಿ ಕಾರು ಕೊಳ್ಳುವಷ್ಟು ದುಡ್ಡು ಸುರಿಯುವವರಿದ್ದಾರೆ. ನೋಡೋಕೆ ಎರಡೂ ಹೆಚ್ಚುಕಡಿಮೆ ಒಂದೇ. ದುಂಡಗಿನ ಲೋಹ, ನಡುವೆ ಚೌಕದ ತೂತು. ಈ ವಿಚಿತ್ರ ಲೆಕ್ಕ ನನಗೆ ಅರ್ಥವಾಗಿದ್ದು ಮಾವನವರು ತೀರಿಕೊಂಡು, ಅವರ ಸಂಗ್ರಹ ಮಾರುವ ಕೆಲಸ ನನ್ನ ತಲೆಗೆ ಬಂದ ಮೇಲೆ.

ನಾನು ಹಾಸನದ ಕಡೆಯವಳು. ಮದುವೆಯಾಗಿದ್ದು ಹಾಂಗ್‌ಕಾಂಗ್‌ನವರನ್ನು. ಮಾವ ಗುವಾಂಗ್‌ಡಾಂಗ್ ಪ್ರಾಂತ್ಯದ ಒಂದು ಹಳ್ಳಿಯಿಂದ 1950ರ ದಶಕದಲ್ಲಿ, ಇನ್ನೂ ಹುಡುಗರಾಗಿದ್ದಾಗ, ಇಲ್ಲಿಗೆ ಬಂದವರು. ಶಂಗ್ ವಾನ್‌ನಲ್ಲಿ ಹಡಗಿನ ಸರಕು ನೋಡಿಕೊಳ್ಳುವ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿಂದ ಗುಡ್ಡದ ಕಡೆ ಸ್ವಲ್ಪ ಹತ್ತಿದರೆ ಅಪ್ಪರ್ ಲಾಸ್ಕರ್ ರೋ ಸಿಗುತ್ತದೆ. ಎಲ್ಲರೂ ಕ್ಯಾಟ್ ಸ್ಟ್ರೀಟ್ ಅನ್ನುತ್ತಾರೆ. ಹಿಂದೆ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಲಾಸ್ಕರರು ಇರುತ್ತಿದ್ದ ಬೀದಿ ಅದು. ಈಗ ಹಳೆ ಸಾಮಾನಿನ ಸಂತೆ. ಮಾವ ಸಂಬಳದ ದಿನ ಅಲ್ಲಿಗೆ ಹೋಗಿ ಒಂದೋ ಎರಡೋ ನಾಣ್ಯ ತರುತ್ತಿದ್ದರಂತೆ. ಹಾಗೆ ತಂದಿದ್ದೆಲ್ಲ ಮೂನ್‌ಕೇಕ್ ಅನ್ನುವ ಹಬ್ಬದ ಸಿಹಿಯ ಖಾಲಿ ಡಬ್ಬಿಗಳಲ್ಲಿ ತುಂಬಿತ್ತು. ಮಂಚದ ಕೆಳಗೆ, ಬೀರುವಿನ ಮೇಲೆ, ಒಂದು ಅಡುಗೆಮನೆಯ ಅಕ್ಕಿ ಡಬ್ಬದ ಹಿಂದೆ.

ಮಕ್ಕಳು ಮೂವರು. ನನ್ನ ಗಂಡ, ವ್ಯಾಂಕೂವರ್‌ನಲ್ಲಿರುವ ನಾದಿನಿ, ಇಲ್ಲೇ ಇರುವ ಮೈದುನ. ಮೂರು ಪಾಲು ಮಾಡಬೇಕು ಅಂದರೆ ಬೆಲೆ ಗೊತ್ತಾಗಬೇಕಲ್ವಾ? ಮೈದುನ ಒಂದು ಡಬ್ಬಿ ಎತ್ತಿಕೊಂಡು ಕೌಲೂನ್‌ನ ಒಂದು ನಾಣ್ಯದಂಗಡಿಗೆ ಹೋಗಿ ಬಂದ. ಅಂಗಡಿಯವರು ಮನೆಗೇ ಬಂದರು. ಬೆಳ್ಳಿ ನಾಣ್ಯಗಳನ್ನು ಎಣಿಸಿದರು. ತೂತಿನ ನಾಣ್ಯಗಳನ್ನು ಕಿಲೋ ಲೆಕ್ಕದಲ್ಲಿ ತೂಗಿದರು. ಎಲ್ಲಾ ಸೇರಿಸಿ 55,000 ಹಾಂಗ್‌ಕಾಂಗ್ ಡಾಲರ್, ಇವತ್ತೇ ನಗದು ಅಂದರು. ಆಗಿನ ಲೆಕ್ಕದಲ್ಲಿ ನಮ್ಮ ರೂಪಾಯಿಯಲ್ಲಿ ಐದೂವರೆ ಆರು ಲಕ್ಷ. ಮೈದುನನಿಗೆ ಖುಷಿ. ನನಗೆ ಆ 'ಇವತ್ತೇ' ಅನ್ನುವ ಮಾತು ಹಿಡಿಸಲಿಲ್ಲ. ಲೆಕ್ಕಪತ್ರದ ಕೆಲಸ ಮಾಡುವವಳು ನಾನು. ಪಟ್ಟಿ ಇಲ್ಲದೆ ಏನನ್ನೂ ಮಾರಬಾರದು ಅಂತ ಹಟ ಹಿಡಿದೆ. ಹಾಗಾದರೆ ಪಟ್ಟಿ ನೀನೇ ಮಾಡು ಅಂದರು.

ಮಾಡಿದೆ. ಅದಕ್ಕೆ ಒಂದು ಇಡೀ ಚಳಿಗಾಲ ಹೋಯಿತು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿ, ಅಗಲ, ದಪ್ಪ ಅಳೆಯುವ ಒಂದು ಕ್ಯಾಲಿಪರ್, ಒಂದು ಅಯಸ್ಕಾಂತ, ಒಂದು ಭೂತಗನ್ನಡಿ, ಹತ್ತಿಯ ಗ್ಲೌಸ್. ಮೊದಲ ದಿನವೇ ಎಲ್ಲರಿಗೂ ಒಂದು ತಾಕೀತು ಮಾಡಿದೆ. ಏನನ್ನೂ ತೊಳೆಯಬೇಡಿ, ಉಜ್ಜಬೇಡಿ. ಇದು ಎಲ್ಲಾ ದೇಶದ ನಾಣ್ಯಕ್ಕೂ ಒಂದೇ ನಿಯಮ.

ನನಗೆ ಚೀನೀ ಅಕ್ಷರ ಅಷ್ಟಕ್ಕಷ್ಟೆ. ಆದರೆ ತೂತಿನ ನಾಣ್ಯ ಓದೋಕೆ ತುಂಬಾ ಅಕ್ಷರ ಬೇಕಾಗಿಲ್ಲ. ಹೆಚ್ಚಿನವುಗಳ ಮುಂದೆ ನಾಲ್ಕು ಅಕ್ಷರ. ಸಾಮಾನ್ಯವಾಗಿ ಮೇಲೆ ಒಂದು, ಕೆಳಗೆ ಒಂದು, ಅದು ಚಕ್ರವರ್ತಿಯ ಆಳ್ವಿಕೆಯ ಹೆಸರು. ಉಳಿದ ಎರಡು ಹೆಚ್ಚಾಗಿ 'ತುಂಗ್ ಬಾವ್', ಅಂದರೆ ಚಲಾವಣೆಯ ನಾಣ್ಯ. ಹಿಂದೆ ತಿರುಗಿಸಿದರೆ, ಚೀನಾವನ್ನು ಕೊನೆಗೆ ಆಳಿದ ಚಿಂಗ್ ವಂಶದ ನಾಣ್ಯಗಳಲ್ಲಿ ಹೆಚ್ಚಾಗಿ ಆ ವಂಶದವರ ಮಂಚು ಲಿಪಿ. ಯಾವ ಟಂಕಸಾಲೆ ಅಂತ ಹೇಳೋದು ಹೆಚ್ಚಾಗಿ ಅದೇ. ಮನೆಯಲ್ಲಿ ಯಾರಿಗೂ ಮಂಚು ಬರೋದಿಲ್ಲ. ನನ್ನ ಗಂಡನಿಗೂ ಅದು ನನಗೆ ಕಂಡಷ್ಟೇ ಗೀಚು. ಹಾಗಾಗಿ ಟಂಕಸಾಲೆಗಳ ಚಾರ್ಟ್ ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿಕೊಂಡೆ. ಕೆಲವು ವಾರ ಕಳೆದ ಮೇಲೆ ಬೀಜಿಂಗ್‌ನ ಕಂದಾಯ ಮಂಡಳಿ, ಲೋಕೋಪಯೋಗಿ ಮಂಡಳಿ, ಸೂಚೌ, ಯುನ್ನಾನ್ ಇವನ್ನೆಲ್ಲ ಚಾರ್ಟ್ ನೋಡದೆ ಗುರುತಿಸುತ್ತಿದ್ದೆ. ನನ್ನ ಅತ್ತೆಗೆ ಇದೊಂದು ತಮಾಷೆ. ಬಂದವರಿಗೆಲ್ಲ 'ಇಂಡಿಯಾದ ಸೊಸೆ ಮಂಚು ಓದುತ್ತಾಳೆ' ಅಂತ ತೋರಿಸುತ್ತಿದ್ದರು.

ಅತಿ ಹಳೆಯ ನಾಣ್ಯಗಳಿದ್ದ ಡಬ್ಬಿ ತೆರೆದಾಗ ನಾವೆಲ್ಲ ಉಸಿರು ಹಿಡಿದಿದ್ದೆವು. ಹಾನ್ ವಂಶದ ವೂ ಚೂ ನಾಣ್ಯಗಳು. ಕ್ರಿಸ್ತಪೂರ್ವ 118ರಲ್ಲಿ ಶುರುವಾದ ನಾಣ್ಯ ಅದು. ಕ್ರಿಸ್ತಶಕ 621ರಲ್ಲಿ ತಾಂಗ್ ವಂಶದವರು 'ಕಾಯ್ ಯುವಾನ್' ನಾಣ್ಯ ತರುವವರೆಗೆ, ಏಳುನೂರಕ್ಕೂ ಹೆಚ್ಚು ವರ್ಷ, ಬೇರೆ ಬೇರೆ ರಾಜರು ಅದನ್ನೇ ಎರಕ ಹೊಯ್ಯುತ್ತಾ ಬಂದರು. ಅದೇ ಅದರ ಶಾಪ. ಎಷ್ಟು ಎರಕ ಹೊಯ್ದರು ಅಂದರೆ ಇವತ್ತಿಗೂ ಹೊಲ ಉತ್ತರೆ, ಪಾಯ ತೋಡಿದರೆ ಮಡಕೆಗಟ್ಟಲೆ ಸಿಗುತ್ತವೆ. ಸುಂಗ್ ವಂಶದ್ದು ಇನ್ನೂ ಜಾಸ್ತಿ. 1080ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಸರ ನಾಣ್ಯ ತಯಾರಾಗುತ್ತಿತ್ತು. ಹೆಸರಿಗೆ ಒಂದು ಸರಕ್ಕೆ ಸಾವಿರ ನಾಣ್ಯ. ಅವು ಜಪಾನ್, ಜಾವಾ ಎಲ್ಲಾ ಕಡೆ ಹೋದವು. ನಮ್ಮ ಕಡೆಗೂ ಬಂದಿವೆ. ತಂಜಾವೂರು ಸೀಮೆಯ ನೆಲದಲ್ಲಿ ಚೀನೀ ನಾಣ್ಯಗಳ ಗಂಟುಗಳು ಸಿಕ್ಕಿವೆ. 2014ರಲ್ಲಿ ಕೇರಳದ ಕೊಲ್ಲಂ ಬಂದರಿನಲ್ಲಿ ಹೂಳು ತೆಗೆದಾಗಲೂ ಬಂದವು.

ಇಷ್ಟೊಂದು ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು?

ಬೆಳ್ಳಿ ನಾಣ್ಯಗಳ ಕಥೆ ಬೇರೆ. ಅಲ್ಲಿ ವಯಸ್ಸು ನೂರರ ಆಸುಪಾಸು, ಬೆಲೆ ಮಾತ್ರ ಸಾವಿರಗಳಲ್ಲಿ. ಮಾವನ ಬಳಿ ಜಾಸ್ತಿ ಇದ್ದದ್ದು 1914ರಿಂದ ಬಂದ, ಆಗಿನ ಚೀನಾ ಗಣರಾಜ್ಯದ ಅಧ್ಯಕ್ಷ ಯುವಾನ್ ಶಿಕಾಯ್ ಮುಖವಿರುವ ಬೆಳ್ಳಿ ಡಾಲರ್. ಬೋಳುತಲೆ, ಮೀಸೆ, ಮಿಲಿಟರಿ ಕೋಟಿನ ಆ ದಪ್ಪ ಮನುಷ್ಯನನ್ನು ಇಲ್ಲಿ ಎಲ್ಲರೂ 'ದಾ ತೌ', ಅಂದರೆ ದೊಡ್ಡ ತಲೆ, ಅಂತಾರೆ. ಟಿಯಾಂಜಿನ್ ಟಂಕಸಾಲೆಯಲ್ಲಿ ಲುಯಿಜಿ ಜಾರ್ಜಿ ಅನ್ನುವ ಇಟಲಿಯವನು ಇದರ ಅಚ್ಚು ಕೆತ್ತಿದ. ತೂಕ ಸುಮಾರು 26.7 ಗ್ರಾಂ, ಬೆಳ್ಳಿ ಶೇಕಡಾ 89. ಕೋಟಿಗಟ್ಟಲೆ ಹೊಡೆದ ನಾಣ್ಯ. ಅದನ್ನು ಬೆರಳ ತುದಿಯಲ್ಲಿ ಹಿಡಿದು, ಅಂಚಿಗೆ ಬಾಯಿಂದ ಊದಿ, ಕಿವಿಗೆ ಇಟ್ಟುಕೊಂಡು ಸದ್ದು ಕೇಳುವುದು ಇಲ್ಲಿನ ಹಳಬರ ಅಭ್ಯಾಸ. ನಿಜವಾದದ್ದು ಸಣ್ಣಗೆ ಗುಂಯ್ ಅನ್ನುತ್ತದೆ. ಮೈದುನ ಒಂದು ಭಾನುವಾರ ಪೂರ್ತಿ ಊದಿದ. ಎಲ್ಲವೂ ಗುಂಯ್ ಅಂದವು ಅಂತ ಅವನ ವರದಿ. ನಾನು ತಕ್ಕಡಿಯನ್ನೇ ನಂಬಿದೆ.

ಅದೇ ಡಬ್ಬಿಯಲ್ಲಿ ನನಗೆ ತುಂಬಾ ಇಷ್ಟವಾದ ನಾಣ್ಯ ಸಿಕ್ಕಿತು. ಒಂದು ಕಡೆ ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ, ಬ್ರಿಟನ್ ದೇಶದ ಸಂಕೇತವಾದ ಹೆಣ್ಣು. ಇನ್ನೊಂದು ಕಡೆ ಚೀನೀ ಮತ್ತು ಮಲಯ ಭಾಷೆಯಲ್ಲಿ 'ಒಂದು ಡಾಲರ್'. ಬ್ರಿಟಿಷರು ಹಾಂಗ್‌ಕಾಂಗ್, ಸಿಂಗಪುರ, ಚೀನಾದ ಬಂದರುಗಳ ವ್ಯಾಪಾರಕ್ಕೆ ಅಂತ 1895ರಿಂದ ಹೊಡೆಸಿದ ಟ್ರೇಡ್ ಡಾಲರ್ ಅದು. ಹಾಂಗ್‌ಕಾಂಗ್‌ನಲ್ಲೇ 1866ರಲ್ಲಿ ಒಂದು ಟಂಕಸಾಲೆ ತೆರೆದಿದ್ದರು. ನಷ್ಟವಾಗಿ ಎರಡೇ ವರ್ಷಕ್ಕೆ ಮುಚ್ಚಿ, ಯಂತ್ರಗಳನ್ನು ಜಪಾನ್‌ಗೆ ಮಾರಿಬಿಟ್ಟರು. ಹಾಗಾಗಿ ಈ ಡಾಲರ್‌ಗಳಲ್ಲಿ ಹೆಚ್ಚಿನವು ತಯಾರಾಗಿದ್ದು ಎಲ್ಲಿ ಗೊತ್ತಾ? ಬಾಂಬೆಯಲ್ಲಿ. ಕೆಲವು ಕಲ್ಕತ್ತಾದಲ್ಲಿ. ತ್ರಿಶೂಲದ ನಡುವಿನ ಮೊನೆಯಲ್ಲಿ ಭೂತಗನ್ನಡಿ ಹಿಡಿದರೆ ಸಣ್ಣ 'ಬಿ' ಅಕ್ಷರ ಕಾಣುತ್ತದೆ. ಅದೇ ಬಾಂಬೆ ಗುರುತು.

ನಮ್ಮ ರೂಪಾಯಿಯ ನೆಂಟನೂ ಒಬ್ಬ ಇದ್ದ. ಬ್ರಿಟಿಷ್ ಇಂಡಿಯಾದ ರೂಪಾಯಿ ಟಿಬೆಟ್ ದಾಟಿ ಸಿಚುವಾನ್ ಪ್ರಾಂತ್ಯದ ಸಂತೆಗಳಲ್ಲೂ ಓಡಾಡುತ್ತಿತ್ತು. ಚೀನಾದ ಅಧಿಕಾರಿಗಳಿಗೆ ತಲೆಬಿಸಿ. ಅದಕ್ಕೆ ಎದುರಾಗಿ ಅವರೂ ಅದೇ ಅಳತೆಯ ಒಂದು ರೂಪಾಯಿ ಮಾಡಿದರು. ವಿಕ್ಟೋರಿಯಾ ರಾಣಿ ಇದ್ದ ಜಾಗದಲ್ಲಿ ಗುವಾಂಗ್‌ಶು ಚಕ್ರವರ್ತಿಯ ಪಕ್ಕಮುಖ. ಅಜ್ಜಿಯ ಪೆಟ್ಟಿಗೆಯಲ್ಲಿ ವಿಕ್ಟೋರಿಯಾ ರೂಪಾಯಿ ನೋಡಿದ ಯಾರಿಗಾದರೂ ಇದು ಕೈಗೆ ಬಂದ ಕ್ಷಣವೇ ಗುರುತು ಹತ್ತುತ್ತದೆ.

ಇನ್ನು ಮಾವನ ಹೆಮ್ಮೆಯ ನಾಣ್ಯ. ಗ್ವೇಚೌ ಪ್ರಾಂತ್ಯದ 1928ರ 'ಕಾರಿನ ಡಾಲರ್'. ಆ ಪ್ರಾಂತ್ಯದ ಅಧಿಪತಿ ಚೌ ಶಿಚೆಂಗ್ ರಸ್ತೆ ಮಾಡಿಸಿದ, ಕಾರು ತರಿಸಿದ, ಆ ನೆನಪಿಗೆ ನಾಣ್ಯದ ಮೇಲೆ ಕಾರನ್ನೇ ಹೊಡೆಸಿದ. ಕಾರಿನ ಕೆಳಗಿನ ಹುಲ್ಲಿನ ಎಸಳುಗಳಲ್ಲಿ ಅವನ ಹೆಸರಿನ ಅಕ್ಷರಗಳು ಅಡಗಿವೆ ಅಂತ ಸಂಗ್ರಾಹಕರು ತೋರಿಸುತ್ತಾರೆ. ಒಳ್ಳೆಯ ಸ್ಥಿತಿಯಲ್ಲಿದ್ದರೆ ಭಾರೀ ಬೆಲೆ. ಚೀನೀ ಹೊಸ ವರ್ಷಕ್ಕೆ ಬಂದ ನೆಂಟರಿಗೆಲ್ಲ ಮಾವ ಅದನ್ನು ಕೆಂಪು ಬಟ್ಟೆಯ ಮೇಲಿಟ್ಟು ತೋರಿಸುತ್ತಿದ್ದರು. ನನ್ನ ತಕ್ಕಡಿ 24 ಗ್ರಾಂ ಕೂಡ ಮುಟ್ಟಲಿಲ್ಲ. ಅಂಚಿನಲ್ಲಿ ಎರಡು ಅರ್ಧಗಳನ್ನು ಸೇರಿಸಿದ ಸಣ್ಣ ಗೆರೆ. ಆಮೇಲೆ ಹರಾಜಿನವರು ಎಕ್ಸ್‌ರೇ ಯಂತ್ರ ಹಿಡಿದಾಗ ಒಳಗೆ ಬೆಳ್ಳಿಯೇ ಇಲ್ಲ, ಬರೀ ತಾಮ್ರ, ನಿಕ್ಕಲ್. ಅತ್ತೆಗೆ ಹೇಗೆ ಹೇಳೋದು ಅಂತ ನಾವು ಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅತ್ತೆ ನಕ್ಕುಬಿಟ್ಟರು. 'ಅವರಿಗೆ ಗೊತ್ತಿತ್ತು. ಯಾವ ಕಾಲದಲ್ಲೋ ಗೊತ್ತಾಗಿತ್ತು. ನೆಂಟರಿಗೆ ಗೊತ್ತಿರಲಿಲ್ಲವಲ್ಲ!'

ಪಟ್ಟಿ ಒಂದು ಹದಕ್ಕೆ ಬಂದ ಮೇಲೆ ಹರಾಜು ಕಂಪನಿಯವರ ಬಳಿ ಹೋದೆವು. ಹಾಂಗ್‌ಕಾಂಗ್‌ನಲ್ಲಿ ಈ ಕೆಲಸ ಮಾಡುವವರು ಹಲವರಿದ್ದಾರೆ. ವರ್ಷಕ್ಕೆ ಎರಡು ಮೂರು ಸಲ ಚಿಮ್ ಶಾ ಚೂಯಿಯ ಹೋಟೆಲ್‌ಗಳಲ್ಲಿ ನಾಣ್ಯ ಮೇಳ, ಹರಾಜು ಎಲ್ಲಾ ನಡೆಯುತ್ತವೆ. ಇಲ್ಲೇ ಯಾಕೆ ಅಂದರೆ ಕಾರಣ ಸರಳ. ಹಳೆ ನಾಣ್ಯ ತರಲು ಸುಂಕವಿಲ್ಲ, ಮಾರಲು ಮಾರಾಟ ತೆರಿಗೆಯಿಲ್ಲ, ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆಯಿಲ್ಲ. ಚೀನಾದ ಒಳಗಿಂದ 1911ಕ್ಕಿಂತ ಹಿಂದಿನ ಪುರಾತನ ವಸ್ತುಗಳನ್ನು ಹೊರಗೆ ಸಾಗಿಸುವ ಹಾಗಿಲ್ಲ. ಹಾಗಾಗಿ ಮೊದಲೇ ಹೊರಗಿದ್ದ ನಾಣ್ಯಗಳೆಲ್ಲ ಮಾರಾಟಕ್ಕೆ ಬರುವ ಬಾಗಿಲು ಇದು.

ಮೊದಲೇ ಹೊರಗಿದ್ದವು ಅಂದೆನಲ್ಲ, ಅದರ ಹಿಂದೆಯೂ ಒಂದು ಕಥೆ ಇದೆ. ಶಾಂಘೈನಲ್ಲಿ ಬ್ಯಾಂಕಿಂಗ್ ಕೆಲಸದಲ್ಲಿದ್ದ ಎಡ್ವರ್ಡ್ ಕಾನ್ ಅನ್ನುವವರು ಚೀನಾದ ಯಂತ್ರದ ನಾಣ್ಯಗಳನ್ನು ಕೂಡಿಸಿ, 1954ರಲ್ಲಿ ಅವಕ್ಕೆಲ್ಲ ನಂಬರ್ ಕೊಟ್ಟು ಕ್ಯಾಟಲಾಗ್ ಮಾಡಿದರು. ಇವತ್ತಿಗೂ ವ್ಯಾಪಾರಿಗಳು 'ಕಾನ್ ನಂಬರ್ ಎಷ್ಟು?' ಅಂತಲೇ ಕೇಳೋದು. ಅವರ ಸಂಗ್ರಹ 1971ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾಯಿತು. ಆ ಕಾಲದಲ್ಲಿ ಚೀನಾದಿಂದ ಯಾರೂ ಕೊಳ್ಳಲು ಬರುವ ಹಾಗಿರಲಿಲ್ಲ. 2000ದ ನಂತರ ಅಲ್ಲಿನವರ ಕೈಗೆ ದುಡ್ಡು ಬಂತು, ತಮ್ಮ ಅಜ್ಜಂದಿರ ಕಾಲದ ನಾಣ್ಯಗಳನ್ನು ವಾಪಸ್ ಕೊಳ್ಳಲು ಶುರು ಮಾಡಿದರು. 2010ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ 1910ರ 'ಯುನ್ನಾನ್ ವಸಂತ' ಡಾಲರ್ ಹತ್ತು ಲಕ್ಷ ಅಮೆರಿಕನ್ ಡಾಲರ್ ದಾಟಿತು. ಒಂದೇ ಒಂದು ಬೆಳ್ಳಿ ಬಿಲ್ಲೆಗೆ! ಆಮೇಲೆ ಮಂಚದ ಕೆಳಗಿನ ಡಬ್ಬಿಗಳೆಲ್ಲ ಹೊರಗೆ ಬಂದವು ಅಂತ ಹರಾಜಿನವರೇ ಹೇಳಿದರು.

ನಮ್ಮ ಡಬ್ಬಿಗಳನ್ನು ನೋಡಿದ್ದು ಮೂವತ್ತು ದಾಟದ ಹುಡುಗ. ಕಣ್ಣಿಗೆ ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಹಿಡಿದು ಕುಳಿತರೆ ಪಕ್ಕದಲ್ಲಿ ಗುಡುಗಿದರೂ ಕೇಳದು. ವೂ ಚೂ ಡಬ್ಬಿಯನ್ನು ಒಂದು ನಿಮಿಷದಲ್ಲಿ ಪಕ್ಕಕ್ಕೆ ಸರಿಸಿದ. ಸುಂಗ್ ಡಬ್ಬಿಯಿಂದ ಕಲಾವಿದ ಚಕ್ರವರ್ತಿ ಹುಯಿಚುಂಗ್‌ನ ಕೈಬರಹವಿರುವ 'ದಾ ಗುವಾನ್' ದೊಡ್ಡ ನಾಣ್ಯಗಳನ್ನು ಮಾತ್ರ ಎತ್ತಿಕೊಂಡ. ಬೆಳ್ಳಿಯನ್ನು ಸಮಾಧಾನವಾಗಿ ನೋಡಿದ. ಶಿಯಾನ್‌ಫೆಂಗ್ ಡಬ್ಬಿಗೆ ಬಂದಾಗ ಅವನ ಕೈ ನಿಂತಿತು.

ಚಿಂಗ್ ವಂಶದ ಚಕ್ರವರ್ತಿ ಶಿಯಾನ್‌ಫೆಂಗ್ ಆಳಿದ್ದು 1850ರಿಂದ 1861ರವರೆಗೆ. ತೈಪಿಂಗ್ ದಂಗೆ ದೇಶವನ್ನೇ ಅಲ್ಲಾಡಿಸಿತು. ಯುನ್ನಾನ್‌ನಿಂದ ಬರುತ್ತಿದ್ದ ತಾಮ್ರ ನಿಂತಿತು. ಸೈನ್ಯಕ್ಕೆ ಸಂಬಳ ಕೊಡಬೇಕು, ಲೋಹ ಇಲ್ಲ. ಮಾಮೂಲಿ ತೂತಿನ ನಾಣ್ಯ ಒಂದಕ್ಕೆ ಒಂದು ಕ್ಯಾಶ್ ಅನ್ನುತ್ತಾರೆ. ಆಗ ಹತ್ತು, ಐವತ್ತು, ನೂರು, ಐನೂರು, ಸಾವಿರ ಕ್ಯಾಶ್ ಬೆಲೆಯ ನಾಣ್ಯಗಳನ್ನು ಹೊರಡಿಸಿದರು. ಅಷ್ಟು ತಾಮ್ರ ಅದರಲ್ಲಿ ಇರಲೇ ಇಲ್ಲ. ಜನರಿಗೆ ನಷ್ಟ, ಇವತ್ತಿನ ಸಂಗ್ರಾಹಕರಿಗೆ ಹಬ್ಬ, ಯಾಕೆಂದರೆ ಪ್ರತಿ ಪ್ರಾಂತ್ಯದಲ್ಲೂ ಬೇರೆ ಬೇರೆ ಅಳತೆ, ಬೇರೆ ಬೇರೆ ಬರಹ. ಮಾವನ ಬಳಿ ಕಂದಾಯ ಮಂಡಳಿಯ ಹತ್ತು ಕ್ಯಾಶ್ ನಾಣ್ಯಗಳು ಒಂದು ಕಟ್ಟು ಇದ್ದವು. ಒರಟು, ಕೆಂಪು ಛಾಯೆ. ಅದರಲ್ಲಿ ಒಂದರ ಮುಂದೆ ನನ್ನ ಪಟ್ಟಿಯಲ್ಲಿ 'ಹಳದಿ ಬಣ್ಣ, ಸ್ವಲ್ಪ ದೊಡ್ಡದು, ಅಕ್ಷರ ತುಂಬಾ ಚೊಕ್ಕ' ಅಂತ ಬರೆದಿದ್ದೆ. ಹುಡುಗ ಅದನ್ನೇ ಹಿಡಿದು ಕೂತಿದ್ದ.

ಅದು ತಾಯಿ ನಾಣ್ಯ.

ಕೆಲಸ ಹೇಗೆ ಅಂದರೆ, ಮೊದಲು ಒಬ್ಬ ಕುಶಲಕರ್ಮಿ ಕೈಯಿಂದ ಒಂದು ಮಾದರಿ ನಾಣ್ಯ ಕೆತ್ತುತ್ತಾನೆ. ಅದರಿಂದ ಒಳ್ಳೆಯ ಹಿತ್ತಾಳೆಯಲ್ಲಿ ಕೆಲವು ತಾಯಿ ನಾಣ್ಯಗಳನ್ನು ಎರಕ ಹೊಯ್ಯುತ್ತಾರೆ. ಅವನ್ನು ಮರಳಿನ ಅಚ್ಚಿಗೆ ಒತ್ತಿ, ಅದರ ಗುರುತಿನಲ್ಲಿ ಬಜಾರಿಗೆ ಹೋಗುವ ಸಾವಿರಾರು ನಾಣ್ಯ ಹೊಯ್ಯುತ್ತಾರೆ. ಲೋಹ ತಣ್ಣಗಾದಾಗ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಮಕ್ಕಳು ತಾಯಿಗಿಂತ ಚಿಕ್ಕವು. ತಾಯಿ ನಾಣ್ಯ ಟಂಕಸಾಲೆಯ ಉಪಕರಣ, ಹೊರಗೆ ಹೋಗಬಾರದ್ದು. ಹೋದದ್ದು ಕಡಿಮೆ. ಮಾವ ಅದನ್ನು ಉಳಿದವುಗಳ ಜೊತೆ ಕಟ್ಟಿನಲ್ಲೇ ಕೊಂಡಿರಬೇಕು. ಆ ಅಂಗಡಿಯವರ ಕಿಲೋ ತಕ್ಕಡಿಗೂ ಅದೇ ಕಟ್ಟಿನಲ್ಲಿ ಏರಿತ್ತು. ಹರಾಜಿನವರು 30,000ದಿಂದ 50,000 ಹಾಂಗ್‌ಕಾಂಗ್ ಡಾಲರ್ ಅಂದಾಜು ಹಾಕಿದರು. ಮೈದುನ ಕುರ್ಚಿಯಲ್ಲಿ ನೆಟ್ಟಗೆ ಕೂತ.

ಕರಾರಿನ ಮಾತು ಬೇಗ ಮುಗಿಸುತ್ತೇನೆ. ಮಾರುವವರಿಂದ ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕಮಿಷನ್. ಕೊಳ್ಳುವವರಿಂದ ಅದೇ ಬೆಲೆಯ ಮೇಲೆ ಇನ್ನೂ ಸುಮಾರು ಶೇಕಡಾ 20. ಹಾಗಾಗಿ ಪೇಪರಿನಲ್ಲಿ ಬರುವ ದಾಖಲೆ ಬೆಲೆ ಮಾರಿದವನ ಕೈಗೆ ಬಂದ ಬೆಲೆ ಅಲ್ಲ. ಫೋಟೋ, ವಿಮೆ, ಮಾರಾಟವಾಗದಿದ್ದರೆ ಏನು, ಎಲ್ಲವನ್ನೂ ಬರೆಸಿಕೊಂಡೆ. ಕಮಿಷನ್ ಬಗ್ಗೆ ಚೌಕಾಸಿ ಮಾಡಬಹುದು. ಮಾಡಿದೆ. ಕೆ.ಆರ್. ಮಾರ್ಕೆಟ್‌ನಲ್ಲಿ ಸೊಪ್ಪು ಕೊಂಡವಳಿಗೆ ಇದೇನು ಮಹಾ.

ಬೆಳ್ಳಿ ನಾಣ್ಯಗಳನ್ನು ದರ್ಜೆಗೆ ಕಳಿಸಿದೆವು. ಪಿಸಿಜಿಎಸ್, ಎನ್‌ಜಿಸಿ ಥರದ ಸಂಸ್ಥೆಗಳು ನಾಣ್ಯ ಅಸಲಿಯೇ ಅಂತ ನೋಡಿ, 70ರೊಳಗೆ ಒಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕಳಿಸುತ್ತವೆ. ಒಂದೊಂದಕ್ಕೂ ದುಡ್ಡು ಕಟ್ಟಬೇಕು. ಆದ್ದರಿಂದ ಎಲ್ಲವನ್ನೂ ಕಳಿಸಲಿಲ್ಲ. ಫಲಿತಾಂಶ ಬಂದಾಗ ಒಂದು ಸಾಲು ಮತ್ತೆ ಮತ್ತೆ ಕಂಡಿತು: ಸ್ವಚ್ಛಗೊಳಿಸಲಾಗಿದೆ, ಅಂಕವಿಲ್ಲ. ಅತ್ತೆಯನ್ನು ಕೇಳಿದೆ. ಪ್ರತಿ ಹೊಸ ವರ್ಷಕ್ಕೆ ಮೊದಲು ಮಾವ ಬೆಳ್ಳಿ ನಾಣ್ಯಗಳನ್ನು ಟೂತ್‌ಪೇಸ್ಟ್ ಹಾಕಿ ತಿಕ್ಕಿ ಹೊಳಪಿಸುತ್ತಿದ್ದರಂತೆ! ನಮ್ಮ ಮನೆಯಲ್ಲಿ ಗೌರಿ ಹಬ್ಬಕ್ಕೆ ದೀಪ ಬೆಳಗಿದ ಹಾಗೆ. ಬಚಾವಾಗಿದ್ದು ಬ್ಯಾಂಕಿನ ಹಳೆ ಕವರ್‌ನಲ್ಲಿ ಮರೆತುಹೋಗಿದ್ದ ಕೆಲವು ಮಾತ್ರ. ಕಪ್ಪಗೆ, ನೀಲಿ ಬಂಗಾರದ ಛಾಯೆ ಹಿಡಿದು ಕೂತಿದ್ದ ಅವಕ್ಕೇ 60ರ ಮೇಲೆ ಅಂಕ ಬಂತು. ತಿಕ್ಕಿದ ದಾ ತೌ 1,100 ಹಾಂಗ್‌ಕಾಂಗ್ ಡಾಲರ್ ಆಸುಪಾಸಿಗೆ ಹೋದರೆ, ಕವರ್‌ನ ದಾ ತೌ 12,000ಕ್ಕೆ ಹೋಯಿತು. ಅದೇ ನಾಣ್ಯ, ಅದೇ ವರ್ಷ, ಅದೇ ಮನೆ.

ಹರಾಜಿಗೆ ಮೊದಲು ಎರಡು ಮೂರು ದಿನ ವೀಕ್ಷಣೆ ಇರುತ್ತದೆ. ನಾನು ಹೋಗಿ ಮೂಲೆಯಲ್ಲಿ ಕೂತೆ. ಯಾರು ಯಾವುದನ್ನು ತೆಗೆಸಿ ನೋಡುತ್ತಾರೆ ಅನ್ನೋದು ಬೆಲೆಯ ಮುನ್ಸೂಚನೆ. ತಾಯಿ ನಾಣ್ಯಕ್ಕೆ ಸಾಲು ಇತ್ತು. ಆದರೆ ನನಗೆ ಸೋಜಿಗವಾಗಿದ್ದು ಕಾಂಗ್‌ಶಿ ಲಾಟ್. ಲಾಟ್ ಅಂದರೆ ಹರಾಜಿನಲ್ಲಿ ಒಂದೇ ಸಲಕ್ಕೆ ಕೂಗುವ ವಸ್ತು ಅಥವಾ ಗುಂಪು. ಕಾಂಗ್‌ಶಿ ಚಕ್ರವರ್ತಿಯ ಕಾಲದ ಇಪ್ಪತ್ತು ಟಂಕಸಾಲೆಗಳ ಹೆಸರನ್ನು ಜೋಡಿಸಿದರೆ ಒಂದು ಪದ್ಯವಾಗುತ್ತದೆ. ಆ ಇಪ್ಪತ್ತನ್ನೂ ದಾರದಲ್ಲಿ ಪೋಣಿಸಿಕೊಂಡರೆ ಕೆಟ್ಟದ್ದು ಹತ್ತಿರ ಬರದು ಅಂತ ಹಳಬರ ನಂಬಿಕೆ. ಮಾವ ದಶಕಗಳ ಕಾಲ ಅವನ್ನು ಒಂದೊಂದಾಗಿ ಸೇರಿಸಿದ್ದರು. ಒಂದು ಕಡಿಮೆ ಇತ್ತು. ಹರಾಜಿನವರು ಅಷ್ಟನ್ನೂ ಒಂದೇ ಲಾಟ್ ಮಾಡಿ 3,000 ಅಂದಾಜು ಹಾಕಿದ್ದರು. ವಯಸ್ಸಾದ ಒಬ್ಬರು ಬಂದು, ಆ ಟ್ರೇಯಲ್ಲಿ ಒಂದೇ ನಾಣ್ಯವನ್ನು ಎತ್ತಿ, ಎರಡು ಕಡೆ ನೋಡಿ, ಇಟ್ಟು ಹೋದರು. ಮಧ್ಯಾಹ್ನ ಒಬ್ಬ ಯುವಕ ಬಂದ. ಅವನೂ ಅದೇ ನಾಣ್ಯ. ಪಟ್ಟಿ ನೋಡಿದೆ. 'ತೈ' ಅಕ್ಷರದ್ದು. ತೈವಾನ್ ಟಂಕಸಾಲೆ. 1683ರಲ್ಲಿ ಚಿಂಗ್ ಸೈನ್ಯ ತೈವಾನ್ ಗೆದ್ದ ಮೇಲೆ, ಆ ಶತಮಾನದ ಕೊನೆಯಲ್ಲಿ ಕೆಲವೇ ವರ್ಷ ಅಲ್ಲಿ ಹೊಯ್ದದ್ದು.

ಹರಾಜಿನ ದಿನ ಸಿನಿಮಾದಲ್ಲಿ ತೋರಿಸುವ ಹಾಗೆ ಏನೂ ಇರೋದಿಲ್ಲ. ಹೋಟೆಲಿನ ಕಾನ್ಫರೆನ್ಸ್ ರೂಮ್, ಕೊರೆಯುವ ಏಸಿ, ಅರ್ಧ ಖಾಲಿ ಕುರ್ಚಿಗಳು. ಗೋಡೆಯ ಉದ್ದಕ್ಕೂ ಫೋನ್ ಹಿಡಿದ ಹುಡುಗಿಯರು. ಒಂದು ದೊಡ್ಡ ಪರದೆ. ಬಿಡ್‌ಗಳಲ್ಲಿ ಜಾಸ್ತಿ ಇಂಟರ್ನೆಟ್‌ನಿಂದಲೇ. ಹರಾಜು ಕೂಗುವವರು ಇಂಗ್ಲಿಷ್, ಮ್ಯಾಂಡರಿನ್ ಎರಡರಲ್ಲೂ ಬೆಲೆ ಹೇಳುತ್ತಾ, ನಿಮಿಷಕ್ಕೆ ಎರಡು ಲಾಟ್ ಲೆಕ್ಕದಲ್ಲಿ ಓಡಿಸುತ್ತಾರೆ. ನೀರು ಕುಡಿಯಲು ತಲೆ ಬಗ್ಗಿಸಿದರೆ ನಿಮ್ಮ ಲಾಟ್ ಮುಗಿದಿರುತ್ತದೆ. ನನ್ನ ಗಂಡ ಹಾಗೇ ಟ್ರೇಡ್ ಡಾಲರ್‌ಗಳನ್ನು ತಪ್ಪಿಸಿಕೊಂಡರು. 1932ರ 'ಹಡಗು ಮತ್ತು ಹಕ್ಕಿ' ಡಾಲರ್ ಬಂತು. ಹಾಯಿ ಹಡಗಿನ ಮೇಲೆ ಮೂರು ಹಕ್ಕಿ, ಪಕ್ಕದಲ್ಲಿ ಸೂರ್ಯನ ಕಿರಣ. ಹಕ್ಕಿಗಳು ಜಪಾನಿನ ವಿಮಾನದ ಹಾಗೆ, ಸೂರ್ಯ ಜಪಾನಿನ ಬಾವುಟದ ಹಾಗೆ ಕಾಣುತ್ತದೆ ಅಂತ ಗಲಾಟೆಯಾಗಿ ಅದನ್ನು ಹಿಂದಕ್ಕೆ ತೆಗೆದರು ಅನ್ನುತ್ತಾರೆ. 1933, 1934ರ ನಾಣ್ಯಗಳಲ್ಲಿ ಹಕ್ಕಿಗಳಿಲ್ಲ, ಅವು ಬೇಕಾದಷ್ಟು ಸಿಗುತ್ತವೆ. ಹಕ್ಕಿಯಿದ್ದದ್ದಕ್ಕೆ 9,500 ಬಂತು, ಹಕ್ಕಿಯಿಲ್ಲದ್ದಕ್ಕೆ ಸಾವಿರದ ಚಿಲ್ಲರೆ.

ಕಾಂಗ್‌ಶಿ ಲಾಟ್ 2,500ಕ್ಕೆ ಶುರುವಾಯಿತು. ಆ ಹಿರಿಯರು ಮೂರನೇ ಸಾಲಿನಲ್ಲಿ ನಂಬರ್ ಬರೆದ ಪ್ಯಾಡಲ್ ಎತ್ತಿದವರು ಇಳಿಸಲೇ ಇಲ್ಲ. ಎದುರಾಳಿ ಪರದೆಯ ಮೇಲಿನ ಒಂದು ನಂಬರ್. 8,000 ದಾಟಿದಾಗ ಮೈದುನ ನನ್ನ ಮೊಣಕೈ ತಿವಿದ. 15,000ದಲ್ಲಿ ಹಿರಿಯರು ಒಮ್ಮೆ ತಲೆ ಕೆರೆದುಕೊಂಡರು. 26,000ಕ್ಕೆ ಸುತ್ತಿಗೆ ಬಿತ್ತು, ಅವರಿಗೇ. ಆಮೇಲೆ ಚಹಾ ಮೇಜಿನ ಬಳಿ ಸಿಕ್ಕಾಗ ನನ್ನ ಗಂಡ ಮಾತಾಡಿಸಿದರು. ಅವರ ಸೆಟ್‌ಗೆ ಬೇಕಿದ್ದದ್ದು 'ತೈ' ಒಂದೇ. ಉಳಿದ ಹದಿನೆಂಟನ್ನು ಏನು ಮಾಡುತ್ತೀರಿ ಅಂದರೆ, 'ಮೊಮ್ಮಗನಿಗೆ. ಅವನು ಮೊದಲಿಂದ ಹುಡುಕಲಿ' ಅಂದರು.

ತಾಯಿ ನಾಣ್ಯಕ್ಕೆ ಕೂಗು ಶುರುವಾದಾಗ ಕೋಣೆಯಲ್ಲಿ ಯಾರೂ ಕೈ ಎತ್ತಲಿಲ್ಲ. ಎರಡು ಫೋನ್‌ಗಳ ನಡುವೆ ಮಾತ್ರ. ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಡುತ್ತಿದ್ದಳು, ಇನ್ನೊಬ್ಬಳು ಸುಮ್ನೆ ತಲೆಯಾಡಿಸುತ್ತಿದ್ದಳು. ಅಂದಾಜು ದಾಟಿತು. ಅದರ ಎರಡರಷ್ಟಾಯಿತು. 1,30,000 ಹಾಂಗ್‌ಕಾಂಗ್ ಡಾಲರ್‌ಗೆ ನಿಂತಿತು. ಕೊಂಡವರು ಯಾರು ಅಂತ ಹರಾಜಿನವರು ಹೇಳುವ ಹಾಗಿಲ್ಲ.

ಇನ್ನು ಕೆಲವು ಸೋಜಿಗಗಳು ಉಲ್ಟಾ ದಿಕ್ಕಿನವು. ಹುಯಿಚುಂಗ್ ಚಕ್ರವರ್ತಿಯ ಕೈಬರಹದ ನಾಣ್ಯಗಳು, ನನ್ನ ಕಣ್ಣಿಗೆ ಇಡೀ ಸಂಗ್ರಹದಲ್ಲೇ ಸುಂದರವಾದವು, ಕೆಲವು ನೂರಕ್ಕೆ ಹೋದವು. ವೂ ಚೂ ಲಾಟ್‌ಗೆ ಯಾರೂ ಕೈ ಎತ್ತಲಿಲ್ಲ. ಸಿಚುವಾನ್ ರೂಪಾಯಿಗಳಿಗೆ ಅಂದಾಜಿಗಿಂತ ಸ್ವಲ್ಪ ಕಡಿಮೆಯೇ ಬಂತು. ನೋಡಿದಾಗ ಬೇಜಾರಾಗಿದ್ದು ಅದೊಂದಕ್ಕೆ.

ಈ ಸುದ್ದಿ ಊರಿಗೂ ಮುಟ್ಟಿತು. ಅರಸೀಕೆರೆಯ ಚಿಕ್ಕಮ್ಮ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿ, 'ನಮ್ಮ ಮನೆಯಲ್ಲೂ ತೂತಿನ ನಾಣ್ಯ ಇದೆ, ಕೋಟಿ ಬರುತ್ತಂತೆ' ಅಂದರು. ಅದು 1943ರ ಬ್ರಿಟಿಷ್ ಇಂಡಿಯಾದ ತೂತಿನ ಕಾಸು. ತೂತು ದುಂಡಗಿದೆ, ಚೌಕವಲ್ಲ. ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ್ದು, ಸಂತೆಯಲ್ಲಿ ಕೆಲವು ರೂಪಾಯಿಗೆ ಸಿಗುತ್ತದೆ. ಯಾರೋ ಫೋನ್ ಮಾಡಿ ಮೊದಲು ನೋಂದಣಿ ಫೀಸು ಕಟ್ಟಿ ಅಂತಿದ್ದರಂತೆ. ಕಟ್ಟಬೇಡಿ ಅಂತ ಕೂಗಿ ಹೇಳಿದೆ. ರಿಸರ್ವ್ ಬ್ಯಾಂಕ್ ಹೆಸರು ಹೇಳಿಕೊಂಡು ಹಳೆ ನಾಣ್ಯ, ನೋಟಿನ ವ್ಯವಹಾರದಲ್ಲಿ ಫೀಸು ಕೇಳುವವರ ಬಗ್ಗೆ 2021ರಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ಇನ್ನೊಂದು ವಿಷಯವನ್ನೂ ಹೇಳಿದೆ. ನಮ್ಮ ದೇಶದಲ್ಲಿ ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು. ಅದನ್ನು ಜೇಬಿನಲ್ಲಿಟ್ಟುಕೊಂಡು ಹಾಂಗ್‌ಕಾಂಗ್‌ಗೆ ತಂದು ಮಾರೋಣ ಅನ್ನುವ ಯೋಚನೆಯೇ ಬೇಡ.

ದುಡ್ಡು ಬರಲು ಒಂದೂವರೆ ತಿಂಗಳ ಮೇಲಾಯಿತು. ಕೊಂಡವರು ಕಟ್ಟಬೇಕು, ಆಮೇಲೆ ನಮಗೆ. ಕಮಿಷನ್, ದರ್ಜೆಯ ಖರ್ಚು ಎಲ್ಲಾ ಕಳೆದು ಉಳಿದದ್ದು ಆ ಅಂಗಡಿಯವರು ಹೇಳಿದ ಬೆಲೆಯ ಐದು ಪಟ್ಟಿನ ಹತ್ತಿರ. ಅದರಲ್ಲಿ ಸುಮಾರು ಅರ್ಧ ಒಂದೇ ನಾಣ್ಯದ್ದು. ಮೂರು ಪಾಲು ಮಾಡಿ, ಕೊನೆಯ ಸೆಂಟ್‌ವರೆಗೆ ಲೆಕ್ಕ ಬರೆದು ವ್ಯಾಂಕೂವರ್‌ಗೆ ಕಳಿಸಿದೆ. ನಾದಿನಿ ಫೋನ್ ಮಾಡಿ ಬೆಲೆ ಕೇಳಲಿಲ್ಲ. ಕಾರಿನ ಡಾಲರ್ ಯಾರ ಬಳಿ ಇದೆ ಅಂತ ಕೇಳಿದಳು. ಅದು ಅವಳಿಗೆ ಬೇಕಂತೆ. ಮೈದುನನಿಗೂ ಬೇಕಂತೆ. ಈಗ ಅದೊಂದರ ಪಂಚಾಯಿತಿ ಇನ್ನೂ ನಡೆಯುತ್ತಿದೆ. ನನ್ನ ದುಡಿಮೆಗೆ ಅಂತ ನಾನು ಮೊದಲೇ ಒಂದು ಬಾಂಬೆ ಡಾಲರ್ ಹರಾಜಿಗೆ ಕಳಿಸದೆ ತೆಗೆದಿಟ್ಟುಕೊಂಡಿದ್ದೆ. ಅದಕ್ಕೆ ಯಾರ ತಕರಾರೂ ಇಲ್ಲ.

ಮಾರಾಟವಾಗದ ವೂ ಚೂ ಡಬ್ಬಿ ವಾಪಸ್ ಬಂತು. ಮುಂದಿನ ಹರಾಜಿಗೆ ಕನಿಷ್ಠ ಬೆಲೆ ಇಳಿಸಿ ಮತ್ತೆ ಹಾಕೋಣ ಅಂತ ಹುಡುಗ ಬರೆದಿದ್ದಾನೆ. ಅತ್ತೆ ಬೇಡ ಅಂದರು. ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಅದರಿಂದ ಒಂದೊಂದು ಕೊಡುತ್ತಿದ್ದಾರೆ, ಗಣಿತದಲ್ಲಿ ಒಳ್ಳೆ ಮಾರ್ಕ್ಸ್ ಬಂದಾಗ.